ಗರ್ಭಿಣಿಯರಲ್ಲಿ ಥೈರಾಯ್ಡ್ ತೊಂದರೆ: ಮಾತ್ರೆ ನಿಲ್ಲಿಸಬೇಡಿ, ಪರೀಕ್ಷೆ ಮುಂದೂಡಬೇಡಿ

ಮನೆಯಲ್ಲಿ ಮಗಳೋ ಸೊಸೆಯೋ ಬಸುರಿ ಎಂದು ತಿಳಿದ ಕೂಡಲೇ ಹಿರಿಯರು ಹೇಳುವ ಮಾತುಗಳಲ್ಲಿ ಒಂದು, ‘ಇನ್ನು ಮದ್ದುಗಿದ್ದು ಏನೂ ಬೇಡ’ ಎಂಬುದು. ತಲೆನೋವಿಗೂ ಶೀತಕ್ಕೂ ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸ ಬೆಳೆದಿರುವ ಈ ಕಾಲದಲ್ಲಿ ಇದು ಒಳ್ಳೆಯ ಬುದ್ಧಿಮಾತೇ ಸರಿ. ಆದರೆ ಒಂದು ಮಾತ್ರೆಯ ವಿಷಯದಲ್ಲಿ ಈ ಮಾತನ್ನು ಪಾಲಿಸಿದರೆ ತಾಯಿಗೂ ಮಗುವಿಗೂ ಹಾನಿಯಾಗಬಹುದು. ಥೈರಾಯ್ಡ್ ಹಾರ್ಮೋನು ಕಡಿಮೆ ಇರುವವರು ದಿನವೂ ಬೆಳಗ್ಗೆ ತೆಗೆದುಕೊಳ್ಳುವ ಥೈರಾಕ್ಸಿನ್ ಮಾತ್ರೆಯೇ ಅದು. ಗರ್ಭ ನಿಂತಾಗ ಅದನ್ನು ನಿಲ್ಲಿಸಬಾರದು. ಹೆಚ್ಚಿನವರಿಗೆ ಅದರ ಪ್ರಮಾಣವನ್ನು ಏರಿಸಬೇಕಾಗುತ್ತದೆ, ಅದೂ ಮೊದಲ ಕೆಲವು ವಾರಗಳಲ್ಲಿಯೇ.

ಇದು ಯಾಕೆ, ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು, ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕು, ಹೆರಿಗೆಯ ನಂತರ ಯಾವುದನ್ನು ಗಮನಿಸಬೇಕು ಎಂಬುದನ್ನು ನಮ್ಮ ಓದುಗರಿಗಾಗಿ, ವಿಶೇಷವಾಗಿ ಯುವ ದಂಪತಿಗಳಿಗಾಗಿ, ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ.

ಥೈರಾಯ್ಡ್ ಎಂದರೇನು?

ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ‘ನನಗೆ ಥೈರಾಯ್ಡ್ ಇದೆ’ ಎಂದು ನಾವು ಮಾತಿಗೆ ಹೇಳುತ್ತೇವಾದರೂ ಅದು ಎಲ್ಲರಿಗೂ ಇರುವ ಒಂದು ಗ್ರಂಥಿ. ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಗಂಟಿನ ಸ್ವಲ್ಪ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಇದೆ. ತೂಕ ಸುಮಾರು 20 ಗ್ರಾಂ. ಆಹಾರದಲ್ಲಿ ಬರುವ ಅಯೋಡಿನ್ ಬಳಸಿ ಇದು ಟಿ4 ಮತ್ತು ಟಿ3 ಎಂಬ ಎರಡು ಹಾರ್ಮೋನುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಟಿ4ಗೆ ಥೈರಾಕ್ಸಿನ್ ಎಂದೂ ಹೆಸರು. ದೇಹದ ಶಾಖ, ಹೃದಯದ ಬಡಿತ, ಜೀರ್ಣಕ್ರಿಯೆ, ಮುಟ್ಟಿನ ಕ್ರಮ, ಮೆದುಳಿನ ಬೆಳವಣಿಗೆ ಎಲ್ಲವೂ ಈ ಹಾರ್ಮೋನುಗಳ ಹದವನ್ನು ಅವಲಂಬಿಸಿವೆ.

ಈ ಗ್ರಂಥಿಗೆ ಮೇಲ್ವಿಚಾರಕನಂತೆ ಇರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಟಿಎಸ್‌ಎಚ್ ಎಂಬ ಹಾರ್ಮೋನಿನ ಮೂಲಕ ಥೈರಾಯ್ಡಿಗೆ ಆಜ್ಞೆ ಕಳುಹಿಸುತ್ತದೆ. ಥೈರಾಯ್ಡ್ ಕೆಲಸದಲ್ಲಿ ಹಿಂದೆ ಬಿದ್ದರೆ ಆಜ್ಞೆಗಳು ಹೆಚ್ಚುತ್ತವೆ, ಮುಂದೆ ಓಡಿದರೆ ಕಡಿಮೆಯಾಗುತ್ತವೆ. ಲ್ಯಾಬಿನಿಂದ ವರದಿ ತಂದಾಗ ಹಲವರಿಗೆ ಗೊಂದಲವಾಗುವುದು ಇಲ್ಲಿಯೇ. ಟಿಎಸ್‌ಎಚ್ ಹೆಚ್ಚಿದೆ ಎಂದರೆ ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿದೆ ಎಂದರ್ಥ. ಇದಕ್ಕೆ ಹೈಪೋಥೈರಾಯ್ಡಿಸಂ ಎನ್ನುತ್ತಾರೆ. ಟಿಎಸ್‌ಎಚ್ ತೀರಾ ಕಡಿಮೆಯಾಗಿ ಟಿ4 ಏರಿದ್ದರೆ ಅದು ಹೈಪರ್‌ಥೈರಾಯ್ಡಿಸಂ.

ಬಸುರಿನಲ್ಲಿ ಏನು ಬದಲಾಗುತ್ತದೆ?

ಗರ್ಭ ನಿಂತ ಕೆಲವೇ ವಾರಗಳಲ್ಲಿ ತಾಯಿಯ ಥೈರಾಯ್ಡಿನ ಕೆಲಸ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಇದಕ್ಕೆ ಮೂರು ಕಾರಣಗಳಿವೆ.

ಒಂದು, ಈಸ್ಟ್ರೋಜನ್ ಏರುವುದರಿಂದ ರಕ್ತದಲ್ಲಿ ಥೈರಾಕ್ಸಿನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ಹೆಚ್ಚುತ್ತದೆ. ಹಿಡಿದಿಟ್ಟ ಹಾರ್ಮೋನು ಕೆಲಸಕ್ಕೆ ಬಾರದ ಕಾರಣ ಗ್ರಂಥಿ ಇನ್ನಷ್ಟು ತಯಾರಿಸಬೇಕಾಗುತ್ತದೆ. ಎರಡು, ತಾಯಿಯ ಹಾರ್ಮೋನಿನ ಒಂದು ಪಾಲು ಮಾಸಿನ ಮೂಲಕ ಮಗುವಿಗೆ ಹೋಗುತ್ತದೆ. ಮೂರು, ಮೂತ್ರದಲ್ಲಿ ಅಯೋಡಿನ್ ಹೆಚ್ಚಾಗಿ ಹೊರಹೋಗುತ್ತದೆ.

ಇದರ ಜೊತೆಗೆ ಬಸುರಿನ ಹಾರ್ಮೋನಾದ ಎಚ್‌ಸಿಜಿ ಕೂಡ ಟಿಎಸ್‌ಎಚ್‌ನಂತೆಯೇ ಥೈರಾಯ್ಡನ್ನು ಚುರುಕುಗೊಳಿಸುತ್ತದೆ. ಹಾಗಾಗಿ ಆರೋಗ್ಯವಂತ ಗರ್ಭಿಣಿಯಲ್ಲಿ ಮೊದಲ ಮೂರು ತಿಂಗಳು ಟಿಎಸ್‌ಎಚ್ ಸ್ವಲ್ಪ ಇಳಿಯುವುದು ಸಹಜ. ಸಾಮಾನ್ಯ ಜನರಿಗೆಂದು ವರದಿಯಲ್ಲಿ ಮುದ್ರಿಸಿದ ಮಿತಿಗಳು ಗರ್ಭಿಣಿಗೆ ಹೊಂದುವುದಿಲ್ಲ ಎಂಬುದನ್ನು ನೆನಪಿಡಬೇಕು. ಲ್ಯಾಬಿಗೆ ಹೋದಾಗ ತಾನು ಗರ್ಭಿಣಿ ಎಂದೂ ಎಷ್ಟನೆಯ ವಾರ ಎಂದೂ ಹೇಳಿ ಬರೆಸುವುದು ಒಳ್ಳೆಯದು.

ಗಟ್ಟಿಯಾದ ಗ್ರಂಥಿ ಈ ಹೆಚ್ಚುವರಿ ಹೊರೆಯನ್ನು ಹೊರುತ್ತದೆ. ಮೊದಲೇ ಬಳಲಿದ ಗ್ರಂಥಿಗೆ ಅದು ಸಾಧ್ಯವಾಗುವುದಿಲ್ಲ. ಅದುವರೆಗೆ ಯಾವ ತೊಂದರೆಯೂ ಕಾಣದಿದ್ದ ಹೆಣ್ಣುಮಗಳಲ್ಲಿ ಬಸುರಿನಲ್ಲೇ ಮೊದಲ ಬಾರಿಗೆ ಥೈರಾಯ್ಡ್ ದೋಷ ಪತ್ತೆಯಾಗುವುದು ಇದರಿಂದಲೇ.

ಮೊದಲ ವಾರಗಳಲ್ಲಿ ಮಗುವಿಗೆ ತಾಯಿಯೇ ಆಧಾರ

ಗರ್ಭಸ್ಥ ಶಿಶುವಿನ ಸ್ವಂತ ಥೈರಾಯ್ಡ್ ಅಯೋಡಿನ್ ಹೀರಿಕೊಂಡು ಹಾರ್ಮೋನು ತಯಾರಿಸಲು ತೊಡಗುವುದು ಸುಮಾರು 10ರಿಂದ 12ನೆಯ ವಾರದಲ್ಲಿ. ತನಗೆ ಬೇಕಾದಷ್ಟು ತಯಾರಿಸುವ ಹೊತ್ತಿಗೆ 18ರಿಂದ 20 ವಾರ ಕಳೆದಿರುತ್ತದೆ. ಆದರೆ ಮೆದುಳಿನ ಅಡಿಪಾಯ ಬೀಳುವುದು ಅದಕ್ಕಿಂತ ಎಷ್ಟೋ ಮೊದಲು. ಆ ಅವಧಿಯಲ್ಲಿ ಮಗುವಿಗೆ ಸಿಗುವ ಥೈರಾಕ್ಸಿನ್ ಎಲ್ಲವೂ ತಾಯಿಯದೇ.

1999ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಡಾ. ಜೇಮ್ಸ್ ಹ್ಯಾಡೋ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಈ ವಿಷಯವನ್ನು ವೈದ್ಯಲೋಕದ ಗಮನಕ್ಕೆ ತಂದಿತು. ಬಸುರಿನಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಿದ್ದರೂ ಚಿಕಿತ್ಸೆ ಪಡೆಯದ 48 ತಾಯಂದಿರ ಮಕ್ಕಳನ್ನು ಅವರು 7ರಿಂದ 9ರ ವಯಸ್ಸಿನಲ್ಲಿ ಪರೀಕ್ಷಿಸಿದರು. ಆ ಮಕ್ಕಳ ಬುದ್ಧಿಮತ್ತೆಯ ಸರಾಸರಿ ಅಂಕ ಇತರ ಮಕ್ಕಳದಕ್ಕಿಂತ 7ರಷ್ಟು ಕಡಿಮೆ ಇತ್ತು. 85 ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದವರು ಈ ಮಕ್ಕಳಲ್ಲಿ ಶೇಕಡಾ 19, ಇತರರಲ್ಲಿ ಶೇಕಡಾ 5. ಆ ತಾಯಂದಿರಲ್ಲಿ ಹೆಚ್ಚಿನವರಿಗೆ ತಮಗೆ ಇಂಥ ತೊಂದರೆ ಇದೆ ಎಂಬುದೇ ಆಗ ತಿಳಿದಿರಲಿಲ್ಲ.

ಇದನ್ನು ಓದಿ ಯಾರೂ ಹೆದರಬೇಕಾಗಿಲ್ಲ. ಸಕಾಲದಲ್ಲಿ ಪತ್ತೆಹಚ್ಚಿ ಮಾತ್ರೆ ಕೊಟ್ಟರೆ ಈ ಅಪಾಯವನ್ನು ದೂರವಿಡಬಹುದು. ಹಾರ್ಮೋನು ಹದದಲ್ಲಿಟ್ಟುಕೊಂಡು ಆರೋಗ್ಯವಂತ ಮಕ್ಕಳನ್ನು ಹೆತ್ತ ತಾಯಂದಿರು ನಮ್ಮ ಸುತ್ತಲೂ ಬೇಕಾದಷ್ಟು ಮಂದಿ ಇದ್ದಾರೆ.

ಹಾರ್ಮೋನು ಕಡಿಮೆಯಾದಾಗ

ಗರ್ಭಿಣಿಯರಲ್ಲಿ ಹೆಚ್ಚಾಗಿ ಕಾಣುವುದು ಹೈಪೋಥೈರಾಯ್ಡಿಸಂ. ಅಯೋಡಿನ್ ಸಾಕಷ್ಟು ಸಿಗುವ ಕಡೆ ಇದರ ಮುಖ್ಯ ಕಾರಣ ಹಶಿಮೊಟೊ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ತನ್ನ ಥೈರಾಯ್ಡನ್ನು ನಿಧಾನವಾಗಿ ಹಾಳುಮಾಡುವುದು ಈ ಕಾಯಿಲೆಯ ಗುಣ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಕಾರು ಹಶಿಮೊಟೊ ಅವರ ಹೆಸರು ಇದಕ್ಕೆ ನಿಂತಿದೆ. ಹಿಂದೆ ಥೈರಾಯ್ಡ್ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಅಯೋಡಿನ್ ಚಿಕಿತ್ಸೆ ಆದವರಲ್ಲಿಯೂ ಹಾರ್ಮೋನು ಕಡಿಮೆಯಾಗುತ್ತದೆ.

ಸುಸ್ತು, ನಿದ್ದೆಗಣ್ಣು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಚಳಿ ತಡೆಯಲಾಗದಿರುವುದು, ಮೈ ಊದುವುದು, ಮರೆವು ಇದರ ಲಕ್ಷಣಗಳು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯ ಬಸುರಿನಲ್ಲೂ ಕಾಣುವಂಥವು. ‘ಬಸುರಿಯಲ್ಲವೇ, ಸುಸ್ತು ಇದ್ದದ್ದೇ’ ಎಂದು ಮನೆಯವರು ಹೇಳುತ್ತಾರೆ, ಅವಳೂ ಒಪ್ಪಿಕೊಳ್ಳುತ್ತಾಳೆ. ಹಲವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಆದುದರಿಂದ ಲಕ್ಷಣಗಳಿಗಾಗಿ ಕಾಯದೆ ರಕ್ತ ಪರೀಕ್ಷೆ ಮಾಡಿಸುವುದೇ ಸರಿಯಾದ ದಾರಿ.

ತೀವ್ರ ಕೊರತೆಗೆ ಚಿಕಿತ್ಸೆ ಸಿಗದಿದ್ದರೆ ಗರ್ಭಪಾತ, ರಕ್ತದೊತ್ತಡ ಏರಿಕೆ, ದಿನ ತುಂಬುವ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು, ಹೊಟ್ಟೆಯಲ್ಲಿಯೇ ಮಗು ತೀರಿಹೋಗುವುದು ಮುಂತಾದ ಅಪಾಯಗಳು ಹೆಚ್ಚುತ್ತವೆ. ಹಿಂದೆ ಕಾರಣ ತಿಳಿಯದೆ ಗರ್ಭಪಾತವಾದವರು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಆ ನೋವಿನ ಹೊಣೆಯನ್ನು ಹೆಣ್ಣಿನ ನಡತೆಯ ಮೇಲೋ, ಅವಳು ತಿಂದ ಆಹಾರದ ಮೇಲೋ ಹೊರಿಸುವ ಮನೆಗಳು ಇನ್ನೂ ಇವೆ. ಅಂಥ ಮಾತು ಆಡುವ ಮೊದಲು ಹಿರಿಯರು ಇದನ್ನು ತಿಳಿದಿರಬೇಕು.

ಯಾರಿಗೆ, ಯಾವಾಗ ಪರೀಕ್ಷೆ?

ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿ ಗರ್ಭಿಣಿಯರ ಹೈಪೋಥೈರಾಯ್ಡಿಸಂ ತಪಾಸಣೆಗೆ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿತು. ಅಪಾಯದ ಅಂಶಗಳಿರುವ ಗರ್ಭಿಣಿಯರಿಗೆ ಮೊದಲ ಭೇಟಿಯಲ್ಲಿಯೇ ಟಿಎಸ್‌ಎಚ್ ಪರೀಕ್ಷೆ ಮಾಡಬೇಕೆಂಬುದು ಅದರ ಸಾರ. ಈ ಕೆಳಗಿನವರು ವೈದ್ಯರು ಕೇಳುವವರೆಗೆ ಕಾಯದೆ ತಾವಾಗಿಯೇ ಹೇಳಿಕೊಳ್ಳಬೇಕು:

- ಹಿಂದೆ ಥೈರಾಯ್ಡ್ ತೊಂದರೆ, ಶಸ್ತ್ರಚಿಕಿತ್ಸೆ ಅಥವಾ ಗಳಗಂಡ ಇದ್ದವರು
- ತಾಯಿ, ಅಕ್ಕ, ತಂಗಿಗೆ ಥೈರಾಯ್ಡ್ ತೊಂದರೆ ಇರುವವರು
- ಹಿಂದೆ ಗರ್ಭಪಾತ, ಅವಧಿಪೂರ್ವ ಹೆರಿಗೆ ಅಥವಾ ಮೃತ ಶಿಶು ಜನನ ಆದವರು
- ಮಕ್ಕಳಾಗಲು ತಡವಾಗಿ ಚಿಕಿತ್ಸೆ ಪಡೆದವರು
- ಒಂದನೆಯ ಬಗೆಯ ಮಧುಮೇಹ ಇರುವವರು
- ದೇಹದ ತೂಕ ತುಂಬ ಹೆಚ್ಚಿರುವವರು
- ವಯಸ್ಸು 30 ದಾಟಿದವರು
- ಅಯೋಡಿನ್ ಕೊರತೆಯ ಪ್ರದೇಶದಲ್ಲಿ ಬೆಳೆದವರು

ಈ ಪಟ್ಟಿಯಲ್ಲಿ ಇಲ್ಲದವರಲ್ಲೂ ಹಲವರಿಗೆ ದೋಷ ಇರುತ್ತದೆ. ಅದಕ್ಕಾಗಿ ನಮ್ಮ ದೇಶದ ಅನೇಕ ಸ್ತ್ರೀರೋಗ ತಜ್ಞರು ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಬರೆದುಕೊಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಭಾರತದ 11 ನಗರಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಮೂರು ತಿಂಗಳ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಟಿಎಸ್‌ಎಚ್ 4.5ಕ್ಕಿಂತ ಹೆಚ್ಚಿತ್ತು. ಇವರಲ್ಲಿ ಬಹುಪಾಲು ಸಣ್ಣ ಮಟ್ಟದ ಕೊರತೆಯವರು.

ಪರೀಕ್ಷೆಗೆ ಉಪವಾಸ ಇರಬೇಕಾಗಿಲ್ಲ, ಕೈಯಿಂದ ಸ್ವಲ್ಪ ರಕ್ತ ತೆಗೆದರೆ ಸಾಕು. ಮುಟ್ಟು ನಿಂತು ಗರ್ಭ ಖಚಿತವಾದ ಕೂಡಲೇ ಮಾಡಿಸಬೇಕು. ಐದನೆಯ ತಿಂಗಳ ಸ್ಕ್ಯಾನಿಂಗಿನ ಜೊತೆಗೆ ಮಾಡಿಸಿದರಾಯಿತು ಎಂದು ಮುಂದೂಡಿದರೆ ಬಹುಮುಖ್ಯ ವಾರಗಳು ಕಳೆದುಹೋಗಿರುತ್ತವೆ. ಮೊದಲೇ ತೊಂದರೆ ಇದ್ದವರು ಗರ್ಭ ಧರಿಸುವ ಮೊದಲೇ ಪರೀಕ್ಷಿಸಿಕೊಂಡು, ಟಿಎಸ್‌ಎಚ್ 2.5ಕ್ಕಿಂತ ಕೆಳಗೆ ಬಂದ ಮೇಲೆ ಮಗುವಿಗೆ ಸಿದ್ಧರಾಗುವುದು ಉತ್ತಮ.

2.5 ಸರಿಯೇ, 4 ಸರಿಯೇ?

ಒಬ್ಬ ವೈದ್ಯರು ಮಾತ್ರೆ ಬರೆದುಕೊಟ್ಟರೆ ಇನ್ನೊಬ್ಬರು ಬೇಡ ಎನ್ನುತ್ತಾರೆ ಎಂಬ ದೂರು ಸಾಮಾನ್ಯ. ಇದಕ್ಕೆ ಕಾರಣವಿದೆ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2011ರಲ್ಲಿ ಟಿಎಸ್‌ಎಚ್‌ನ ಮೇಲ್ಮಿತಿಯನ್ನು ಮೊದಲ ಮೂರು ತಿಂಗಳಿಗೆ 2.5 ಎಂದೂ ಆಮೇಲೆ 3 ಎಂದೂ ಹೇಳಿತ್ತು. ಭಾರತದ 2014ರ ಮಾರ್ಗಸೂಚಿಯೂ ಇದೇ ಮಿತಿಗಳನ್ನು ತೆಗೆದುಕೊಂಡಿತು. ಈ ಮಿತಿ ಹಿಡಿದರೆ ಏಷ್ಯಾದ ದೇಶಗಳಲ್ಲಿ ಆರೋಗ್ಯವಂತ ಗರ್ಭಿಣಿಯರೂ ದೊಡ್ಡ ಸಂಖ್ಯೆಯಲ್ಲಿ ರೋಗಿಗಳ ಪಟ್ಟಿಗೆ ಸೇರುತ್ತಾರೆ ಎಂದು ಕಂಡುಬಂತು. 2017ರಲ್ಲಿ ಅದೇ ಸಂಸ್ಥೆ ತನ್ನ ಮಾತನ್ನು ತಿದ್ದಿತು. ಆಯಾ ಪ್ರದೇಶದ ಗರ್ಭಿಣಿಯರ ಅಳತೆಯನ್ನೇ ಬಳಸಬೇಕು, ಅದು ಇಲ್ಲದಿದ್ದರೆ ಮೇಲ್ಮಿತಿಯನ್ನು ಸುಮಾರು 4 ಎಂದು ಹಿಡಿಯಬೇಕು ಎಂದಿತು.

ಟಿಎಸ್‌ಎಚ್ 10 ದಾಟಿದ್ದರೆ, ಅಥವಾ ಟಿಎಸ್‌ಎಚ್ ಏರಿ ಟಿ4 ಕಡಿಮೆಯಾಗಿದ್ದರೆ ಚಿಕಿತ್ಸೆ ಬೇಕೇ ಬೇಕು ಎಂಬುದರಲ್ಲಿ ಯಾವ ವೈದ್ಯರಿಗೂ ಭಿನ್ನಾಭಿಪ್ರಾಯವಿಲ್ಲ. ಚರ್ಚೆ ಇರುವುದು ನಡುವಿನ ಸಣ್ಣ ಏರಿಕೆಯ ಬಗ್ಗೆ. ಬ್ರಿಟನ್ ಮತ್ತು ಇಟಲಿಯ ಸುಮಾರು 22,000 ಗರ್ಭಿಣಿಯರನ್ನು ಒಳಗೊಂಡು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾರ್ಮೋನು ಏರುಪೇರಾದ ತಾಯಂದಿರನ್ನು ಗರ್ಭಕಾಲದಲ್ಲೇ ಹುಡುಕಿ ಮಾತ್ರೆ ಕೊಟ್ಟರೂ ಮಕ್ಕಳ ಮೂರನೆಯ ವಯಸ್ಸಿನ ಬುದ್ಧಿಮತ್ತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2017ರ ಅಮೆರಿಕದ ಪ್ರಯೋಗವೂ ಐದು ವರ್ಷದ ಮಕ್ಕಳಲ್ಲಿ ಇದನ್ನೇ ಕಂಡಿತು. ಆದರೆ ಈ ಎರಡರಲ್ಲೂ ಮಾತ್ರೆ ಆರಂಭವಾದದ್ದು ಹೆಚ್ಚಾಗಿ 13 ವಾರ ಅಥವಾ ಅದಕ್ಕಿಂತಲೂ ತಡವಾಗಿ ಎಂಬುದನ್ನು ಗಮನಿಸಬೇಕು.

ಈ ನಡುವಿನ ಮಟ್ಟದಲ್ಲಿ ವೈದ್ಯರು ಟಿಪಿಒ ಎಂಬ ಪ್ರತಿಕಾಯದ ಪರೀಕ್ಷೆಯನ್ನೂ ಗಮನಿಸುತ್ತಾರೆ. ಅದು ಇದ್ದರೆ ಗ್ರಂಥಿ ಹಾಳಾಗುತ್ತಿದೆ ಎಂಬ ಸೂಚನೆ ಸಿಗುವುದರಿಂದ ಮಾತ್ರೆಯ ಕಡೆಗೆ ಒಲವು ಹೆಚ್ಚುತ್ತದೆ. ಪ್ರತಿಕಾಯ ಇದ್ದೂ ಟಿಎಸ್‌ಎಚ್ ಸರಿಯಾಗಿಯೇ ಇದ್ದರೆ ಮಾತ್ರೆಯಿಂದ ಗರ್ಭಪಾತ ತಪ್ಪುವುದಿಲ್ಲ ಎಂದು ಬ್ರಿಟನ್ನಿನಲ್ಲಿ 952 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಹಾಗಾಗಿ ಒಬ್ಬರಿಗೆ ಕೊಟ್ಟ ಸಲಹೆ ಇನ್ನೊಬ್ಬರಿಗೆ ಅನ್ವಯಿಸದು. ನೆರೆಮನೆಯಾಕೆಯ ಚೀಟಿ ನೋಡಿ ಮಾತ್ರೆ ಆರಂಭಿಸುವುದೂ ತಪ್ಪು, ನಿಲ್ಲಿಸುವುದೂ ತಪ್ಪು.

ಮಾತ್ರೆಯ ಬಗ್ಗೆ ತಿಳಿದಿರಬೇಕಾದದ್ದು

ಥೈರಾಕ್ಸಿನನ್ನು ಮೊದಲ ಬಾರಿಗೆ ಶುದ್ಧ ಹರಳುಗಳ ರೂಪದಲ್ಲಿ ಬೇರ್ಪಡಿಸಿದವರು ಅಮೆರಿಕದ ಮೇಯೊ ಕ್ಲಿನಿಕ್‌ನ ಎಡ್ವರ್ಡ್ ಕೆಂಡಲ್. ಆ ದಿನ 1914ರ ಡಿಸೆಂಬರ್ 25, ಕ್ರಿಸ್ಮಸ್. ಇಂದು ಮಾತ್ರೆಯಲ್ಲಿ ಸಿಗುವ ಲಿವೋಥೈರಾಕ್ಸಿನ್ ನಮ್ಮ ಗ್ರಂಥಿಯೇ ತಯಾರಿಸುವ ಟಿ4ರ ತದ್ರೂಪ. ದೇಹಕ್ಕೆ ಅದು ಹೊರಗಿನ ವಸ್ತುವಲ್ಲ, ಕೊರತೆ ಬಿದ್ದದ್ದನ್ನು ತುಂಬಿಕೊಡುವುದಷ್ಟೇ ಅದರ ಕೆಲಸ. ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಗರ್ಭದಲ್ಲಿರುವ ಮಗುವಿಗೆ ಅದರಿಂದ ಹಾನಿಯಿಲ್ಲ. ಹಾನಿ ಬರುವುದು ಅದು ಇಲ್ಲದಿದ್ದಾಗ.

ಮೊದಲಿನಿಂದಲೂ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಒಂದು ವಿಶೇಷ ಸೂಚನೆ. 2004ರಲ್ಲಿ ಬಾಸ್ಟನ್ ನಗರದ ವೈದ್ಯರು ಪ್ರಕಟಿಸಿದ ಅಧ್ಯಯನದ ಪ್ರಕಾರ ಐದನೆಯ ವಾರದಿಂದಲೇ ಮಾತ್ರೆಯ ಅಗತ್ಯ ಏರತೊಡಗಿ, ಬಸುರಿನ ಮೊದಲರ್ಧದಲ್ಲಿ ಸರಾಸರಿ ಶೇಕಡಾ 47ರಷ್ಟು ಹೆಚ್ಚುತ್ತದೆ. ಐದನೆಯ ವಾರವೆಂದರೆ ಮುಟ್ಟು ತಪ್ಪಿ ಒಂದು ವಾರವಾದ ಹೊತ್ತು. ಅದಕ್ಕಾಗಿ ಗರ್ಭ ಖಚಿತವಾದ ದಿನದಿಂದಲೇ ವಾರಕ್ಕೆ 7 ಮಾತ್ರೆಗಳ ಬದಲು 9 ತೆಗೆದುಕೊಳ್ಳುವುದು, ಅಂದರೆ ಎರಡು ದಿನ ಇಮ್ಮಡಿ, ಮತ್ತು ಕೂಡಲೇ ವೈದ್ಯರನ್ನು ಕಾಣುವುದು ಎಂಬ ಕ್ರಮವನ್ನು ಅಮೆರಿಕದ ಮಾರ್ಗಸೂಚಿ ಸೂಚಿಸುತ್ತದೆ. ನಿಮಗೆ ಇದು ಹೊಂದುತ್ತದೆಯೇ ಎಂದು ಮಗುವಿನ ಯೋಚನೆ ಮಾಡುವಾಗಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಮಾತ್ರೆ ತೆಗೆದುಕೊಳ್ಳುವ ಕ್ರಮ ಹೀಗಿದೆ:

- ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ. ಚಾ, ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆಯ ನಂತರ.
- ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ 4 ಗಂಟೆಗಳ ಅಂತರ ಇರಲಿ. ಅವು ಥೈರಾಕ್ಸಿನ್ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮೂರು ಮಾತ್ರೆಗಳನ್ನೂ ಮರೆಯಬಾರದೆಂದು ಒಟ್ಟಿಗೆ ನುಂಗುವುದರಿಂದ, ಔಷಧ ತೆಗೆದುಕೊಂಡರೂ ಟಿಎಸ್‌ಎಚ್ ಇಳಿಯದೆ ಉಳಿಯುತ್ತದೆ.
- ಬೆಳಗ್ಗೆ ವಾಂತಿ ಹೆಚ್ಚಿರುವವರು ವೈದ್ಯರನ್ನು ಕೇಳಿ ರಾತ್ರಿ, ಊಟವಾಗಿ 3 ಗಂಟೆಯ ಬಳಿಕ ತೆಗೆದುಕೊಳ್ಳಬಹುದು.
- ಕಂಪೆನಿಯನ್ನು ಪದೇ ಪದೇ ಬದಲಿಸಬೇಡಿ. ಮೈಕ್ರೋಗ್ರಾಂ ಲೆಕ್ಕವನ್ನು ಪ್ರತಿ ಬಾರಿಯೂ ಓದಿ ನೋಡಿ. 25ರ ಬದಲು 125 ಬಂದರೆ ಅನಾಹುತ.
- ಡಬ್ಬಿಯನ್ನು ಬಿಸಿಲು ಮತ್ತು ತೇವದಿಂದ ದೂರವಿಡಿ. ನಮ್ಮ ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರಲಿ.

ಬಸುರಿನ ಅರ್ಧ ಕಳೆಯುವ ತನಕ ಸುಮಾರು 4 ವಾರಗಳಿಗೊಮ್ಮೆ, ಆಮೇಲೆ 30ನೆಯ ವಾರದ ಹೊತ್ತಿಗೆ ಕನಿಷ್ಠ ಒಮ್ಮೆ ಟಿಎಸ್‌ಎಚ್ ಪರೀಕ್ಷಿಸಿ ಪ್ರಮಾಣವನ್ನು ಹೊಂದಿಸುತ್ತಾರೆ. ಪ್ರತಿಯೊಂದು ವರದಿಯನ್ನೂ ತಾಯಿ ಕಾರ್ಡಿನ ಜೊತೆಗೆ ಇಟ್ಟುಕೊಳ್ಳಿ. ಕೊಲ್ಲಿ ದೇಶಗಳಲ್ಲಿ ಪತಿಯೊಂದಿಗಿದ್ದು ಹೆರಿಗೆಗೆ ಊರಿಗೆ ಬರುವವರು ಅಲ್ಲಿನ ವರದಿಗಳನ್ನೂ ಮಾತ್ರೆಯ ಡಬ್ಬಿಯನ್ನೂ ತಪ್ಪದೆ ತನ್ನಿ. ಟಿ4ರ ಅಳತೆಯ ಮಾನ ಲ್ಯಾಬಿನಿಂದ ಲ್ಯಾಬಿಗೆ ಬೇರೆಯಾಗಿರುವುದರಿಂದ ಬರೀ ಅಂಕಿಯನ್ನು ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ಹಾರ್ಮೋನು ಹೆಚ್ಚಾದಾಗ

ಹೈಪರ್‌ಥೈರಾಯ್ಡಿಸಂ ಅಪರೂಪವಾದರೂ ಹೆಚ್ಚು ಎಚ್ಚರ ಬೇಡುವಂಥದು. ಗರ್ಭಿಣಿಯರಲ್ಲಿ ಎರಡು ಬಗೆಯದು ಕಾಣುತ್ತದೆ. ಮೊದಲನೆಯದು ಎಚ್‌ಸಿಜಿ ಪ್ರಭಾವದಿಂದ ತಾತ್ಕಾಲಿಕವಾಗಿ ಬರುವಂಥದು. ಅತಿಯಾದ ವಾಂತಿ ಇರುವವರಲ್ಲಿ, ಅವಳಿ ಮಕ್ಕಳನ್ನು ಹೊತ್ತವರಲ್ಲಿ ಹೆಚ್ಚು. ಇದು ನಾಲ್ಕೈದು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ, ಥೈರಾಯ್ಡ್ ಔಷಧ ಬೇಕಾಗುವುದಿಲ್ಲ.

ಎರಡನೆಯದು ಗ್ರೇವ್ಸ್ ಕಾಯಿಲೆ. 1835ರಲ್ಲಿ ಇದನ್ನು ವಿವರಿಸಿದ ಡಬ್ಲಿನ್‌ನ ವೈದ್ಯ ರಾಬರ್ಟ್ ಗ್ರೇವ್ಸ್ ಅವರಿಂದ ಈ ಹೆಸರು. ಎದೆ ಬಡಿತ, ಕೈ ನಡುಕ, ಸೆಕೆ ತಡೆಯಲಾಗದಿರುವುದು, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಕಣ್ಣುಗಳು ಮುಂದೆ ಬಂದಂತೆ ಕಾಣುವುದು ಇದರ ಲಕ್ಷಣಗಳು. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ತಾಯಿಯ ಹೃದಯಕ್ಕೂ ಮಗುವಿಗೂ ಅಪಾಯ.

ಇಲ್ಲಿ ಔಷಧದ ಆಯ್ಕೆ ಬಹಳ ಮುಖ್ಯ. ಸಾಮಾನ್ಯವಾಗಿ ಕೊಡುವ ಕಾರ್ಬಿಮಜೋಲ್ ಮತ್ತು ಮೆಥಿಮಜೋಲ್ ಮಾತ್ರೆಗಳು, ವಿಶೇಷವಾಗಿ 6ರಿಂದ 10ನೆಯ ವಾರದ ನಡುವೆ, ಮಗುವಿನ ಅಂಗರಚನೆಯಲ್ಲಿ ದೋಷ ತರಬಲ್ಲವು. ಆದುದರಿಂದ ಮೊದಲ ಮೂರು ತಿಂಗಳಲ್ಲಿ ಔಷಧ ಬೇಕೇ ಬೇಕಾದರೆ ಪ್ರೊಪೈಲ್‌ಥಯೊಯುರಾಸಿಲ್ ಎಂಬ ಬೇರೆ ಔಷಧ ಕೊಡುತ್ತಾರೆ. ಅದರಲ್ಲೂ ಯಕೃತ್ತಿಗೆ ತೊಂದರೆಯಾಗುವ ಅಪರೂಪದ ಅಪಾಯವಿದೆ. ಕಾರ್ಬಿಮಜೋಲ್ ತೆಗೆದುಕೊಳ್ಳುವ ಹೆಣ್ಣುಮಗಳಿಗೆ ಮುಟ್ಟು ತಪ್ಪಿದರೆ ಅದೇ ದಿನ ಪರೀಕ್ಷೆ ಮಾಡಿ ಮರುದಿನವೇ ವೈದ್ಯರನ್ನು ಕಾಣಬೇಕು.

ವಿಕಿರಣ ಅಯೋಡಿನ್ ಚಿಕಿತ್ಸೆಯನ್ನಾಗಲಿ, ಆ ಬಗೆಯ ಥೈರಾಯ್ಡ್ ಸ್ಕ್ಯಾನನ್ನಾಗಲಿ ಗರ್ಭಿಣಿಗೆ ಮಾಡಲೇಬಾರದು. ಮಗುವಿನ ಥೈರಾಯ್ಡ್ ಆ ಅಯೋಡಿನನ್ನು ಹೀರಿಕೊಂಡು ನಾಶವಾಗಬಹುದು. ಅಂಥ ಚಿಕಿತ್ಸೆ ಆದವರು ಕನಿಷ್ಠ ಆರು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಹಿಂದೆ ಗ್ರೇವ್ಸ್ ಕಾಯಿಲೆ ಇದ್ದು ಗ್ರಂಥಿಯನ್ನೇ ತೆಗೆಸಿಕೊಂಡವರು ಸಹ ಅದನ್ನು ವೈದ್ಯರಿಗೆ ಹೇಳಬೇಕು. ರಕ್ತದಲ್ಲಿ ಉಳಿದ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿನ ಥೈರಾಯ್ಡನ್ನು ಕೆರಳಿಸಬಲ್ಲವು.

ಉಪ್ಪು, ಮೀನು ಮತ್ತು ಅಯೋಡಿನ್

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕಾದರೆ ಗರ್ಭಿಣಿಗೂ ಹಾಲೂಡಿಸುವ ತಾಯಿಗೂ 250 ಬೇಕು. ‘ನಾವು ಕಡಲ ತೀರದವರು, ದಿನವೂ ಮೀನು ತಿನ್ನುವವರು, ನಮಗೆಲ್ಲಿಯ ಅಯೋಡಿನ್ ಕೊರತೆ?’ ಎಂದು ಕೇಳುವವರಿದ್ದಾರೆ. ಸಮುದ್ರದ ಮೀನಿನಲ್ಲಿ ಅಯೋಡಿನ್ ಇದೆ ನಿಜ. ಆದರೆ ಭಾರಿ ಮಳೆ ಬೀಳುವ ಪ್ರದೇಶದ ಮಣ್ಣಿನಿಂದ ಅಯೋಡಿನ್ ಕೊಚ್ಚಿಹೋಗುತ್ತದೆ. ಭಾರತದ ಕರಾವಳಿ ಪ್ರದೇಶಗಳಲ್ಲೂ ಗಳಗಂಡ ಕಂಡುಬಂದಿದೆ. ಮೀನು ತಿನ್ನದ ಮನೆಗಳೂ, ಬಸುರಿಗೆ ವಾಸನೆ ಆಗದೆ ಮೀನು ಬಿಟ್ಟವರೂ ಇದ್ದಾರೆ.

ಅಯೋಡಿನ್ ಉಪ್ಪಿನ ಶಕ್ತಿಯನ್ನು ನಮ್ಮ ದೇಶಕ್ಕೆ ತೋರಿಸಿದ್ದು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಪ್ರಯೋಗ. ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟ ಹಳ್ಳಿಗಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ನೇರ ಬಳಕೆಗೆ ಅಯೋಡಿನ್ ಇಲ್ಲದ ಉಪ್ಪು ಮಾರುವುದರ ಮೇಲಿನ ನಿಷೇಧವನ್ನು 2000ದಲ್ಲಿ ತೆಗೆದು, 2006ರಲ್ಲಿ ಮತ್ತೆ ಜಾರಿಗೆ ತರಲಾಯಿತು. ಗ್ರಾಹಕರ ಕೈಗೆ ಬರುವಾಗ ಒಂದು ಕಿಲೋ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು.

ಉಪ್ಪನ್ನು ಬಾಯಿ ತೆರೆದ ಭರಣಿಯಲ್ಲಿ, ಒಲೆಯ ಪಕ್ಕದಲ್ಲಿ ಇಟ್ಟರೆ ಅಯೋಡಿನ್ ಕ್ರಮೇಣ ಕಡಿಮೆಯಾಗುತ್ತದೆ. ಮುಚ್ಚಳ ಇರುವ ಪಾತ್ರೆಯಲ್ಲಿ ಇಟ್ಟು, ಅಡುಗೆಯ ಕೊನೆಯಲ್ಲಿ ಹಾಕುವುದು ಒಳ್ಳೆಯದು. ಬಿಡಿಯಾಗಿ ಸಿಗುವ ಕಲ್ಲುಪ್ಪಿನಲ್ಲಿ ಅಯೋಡಿನ್ ಇದೆಯೆಂದು ನಂಬುವಂತಿಲ್ಲ. ಇನ್ನೊಂದು ಕಡೆ, ಹೆಚ್ಚು ಅಯೋಡಿನ್ ಒಳ್ಳೆಯದೆಂದು ಕಡಲಕಳೆಯ ಮಾತ್ರೆಗಳನ್ನು ತಿನ್ನುವುದೂ ಅಪಾಯ. ಅತಿಯಾದ ಅಯೋಡಿನ್ ಮಗುವಿನ ಗ್ರಂಥಿಯನ್ನೇ ತಡೆಯಬಲ್ಲದು.

ಹೆರಿಗೆಯ ನಂತರ

ಬಸುರಿನಲ್ಲಿ ಏರಿಸಿದ ಮಾತ್ರೆಯ ಪ್ರಮಾಣವನ್ನು ಹೆರಿಗೆಯಾದ ಮೇಲೆ ವೈದ್ಯರು ಮೊದಲಿನ ಮಟ್ಟಕ್ಕೆ ಇಳಿಸುತ್ತಾರೆ. ಸುಮಾರು 6 ವಾರಗಳ ಬಳಿಕ ಮತ್ತೆ ಪರೀಕ್ಷೆ ಆಗಬೇಕು.

ಹೆರಿಗೆಯಾದ ಮೊದಲ ವರ್ಷದಲ್ಲಿ ನೂರಕ್ಕೆ ಸುಮಾರು 5 ತಾಯಂದಿರಿಗೆ ಥೈರಾಯ್ಡ್ ಉರಿಯೂತ ಬರುತ್ತದೆ. ಮೊದಲ ಕೆಲವು ತಿಂಗಳು ಎದೆ ಬಡಿತ, ಸಿಡುಕು, ನಿದ್ದೆ ಬಾರದಿರುವುದು. ಅನಂತರ ವಿಪರೀತ ಸುಸ್ತು, ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಬಾಣಂತಿಯ ಅಳುವನ್ನೂ ಆಲಸ್ಯವನ್ನೂ ಅವಳ ಸ್ವಭಾವವೆಂದು ಆಡಿಕೊಳ್ಳುವ ಮೊದಲು ಒಂದು ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಅದು ಸರಿ ಇದ್ದರೂ ಮನಸ್ಸಿನ ಮಂಕು ಹೋಗದಿದ್ದರೆ ಆ ಖಿನ್ನತೆಗೂ ಚಿಕಿತ್ಸೆ ಇದೆ.

ಮಗುವಿಗೂ ಒಂದು ಪರೀಕ್ಷೆ ಆಗಬೇಕು. ತಾಯಿಗೆ ಯಾವ ತೊಂದರೆ ಇಲ್ಲದಿದ್ದರೂ ಕೆಲವು ಶಿಶುಗಳು ಥೈರಾಯ್ಡ್ ಇಲ್ಲದೆಯೋ, ಅದು ಕೆಲಸ ಮಾಡದೆಯೋ ಹುಟ್ಟುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬಹುಕೇಂದ್ರ ಅಧ್ಯಯನದಲ್ಲಿ ಸುಮಾರು 1,130 ಶಿಶುಗಳಲ್ಲಿ ಒಂದಕ್ಕೆ ಈ ದೋಷ ಕಂಡುಬಂತು. ಹುಟ್ಟಿದಾಗ ಮಗು ನೋಡಲು ಸರಿಯಾಗಿಯೇ ಇರುತ್ತದೆ. ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು, ಅಥವಾ ಹೊಕ್ಕುಳಬಳ್ಳಿಯ ರಕ್ತದಿಂದ, ಇದನ್ನು ಪತ್ತೆಮಾಡಬಹುದು. ಮೊದಲ ಎರಡು ವಾರಗಳಲ್ಲಿ ಚಿಕಿತ್ಸೆ ಆರಂಭಿಸಿದರೆ ಮಗು ಎಲ್ಲ ಮಕ್ಕಳಂತೆ ಬೆಳೆಯುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲು ‘ಮಗುವಿನ ಥೈರಾಯ್ಡ್ ಪರೀಕ್ಷೆ ಆಗಿದೆಯೇ?’ ಎಂದು ತಂದೆಯಾದವನು ಕೇಳಲೇಬೇಕು.

ಕೇಳಿಬರುವ ಕೆಲವು ಪ್ರಶ್ನೆಗಳು

ಥೈರಾಯ್ಡ್ ತೊಂದರೆ ಇದ್ದವರಿಗೆ ಮಕ್ಕಳಾಗುವುದಿಲ್ಲವೇ?
ಆಗುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಮುಟ್ಟು ಏರುಪೇರಾಗಿ ಗರ್ಭ ನಿಲ್ಲುವುದು ತಡವಾಗಬಹುದು. ಹಾರ್ಮೋನು ಹದಕ್ಕೆ ಬಂದ ಮೇಲೆ ಆ ಅಡ್ಡಿ ಇರುವುದಿಲ್ಲ. ಇದೊಂದೇ ಕಾರಣಕ್ಕೆ ಹೆಣ್ಣುಮಗಳ ಮದುವೆ ಸಂಬಂಧವನ್ನು ಬಿಡುವುದು ಅನ್ಯಾಯ.

ಹಾಲೂಡಿಸುವಾಗ ಮಾತ್ರೆ ತೆಗೆದುಕೊಳ್ಳಬಹುದೇ?
ಥೈರಾಕ್ಸಿನ್ ತೆಗೆದುಕೊಳ್ಳುತ್ತಾ ಧೈರ್ಯವಾಗಿ ಹಾಲೂಡಿಸಬಹುದು. ಹೈಪರ್‌ಥೈರಾಯ್ಡಿಸಂ ಔಷಧ ತೆಗೆದುಕೊಳ್ಳುವವರು ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು.

ಎಲೆಕೋಸು, ಹೂಕೋಸು ಬಿಡಬೇಕೇ?
ಬೇಯಿಸಿ ಹಿತಮಿತವಾಗಿ ತಿಂದರೆ ತೊಂದರೆ ಇಲ್ಲ.

ಮಾತ್ರೆ ಜೀವಮಾನವಿಡೀ ಬೇಕೇ?
ಮೊದಲಿನಿಂದ ಕೊರತೆ ಇದ್ದವರಿಗೆ ಹೆಚ್ಚಾಗಿ ಬೇಕು. ಬಸುರಿನಲ್ಲಿ ಸಣ್ಣ ಏರಿಕೆಗೆಂದು ಆರಂಭಿಸಿದವರಲ್ಲಿ ಹಲವರಿಗೆ ಹೆರಿಗೆಯ ಬಳಿಕ ನಿಲ್ಲಿಸಲು ಸಾಧ್ಯ. ಆದರೆ ಆ ನಿರ್ಧಾರ ಪರೀಕ್ಷೆಯ ಮೇಲೆ ವೈದ್ಯರದು.

ಮನೆಮದ್ದು ಸಾಕೇ?
ಇಲ್ಲದ ಹಾರ್ಮೋನನ್ನು ಕಷಾಯ ತುಂಬಿಕೊಡಲಾರದು. ಯಾವ ಮನೆಮದ್ದಿಗಾಗಿಯೂ ಥೈರಾಕ್ಸಿನ್ ಬಿಡಬೇಡಿ.

ಓದುಗರಲ್ಲಿ ನಮ್ಮ ಮನವಿ

ಖಾಸಗಿ ಆಸ್ಪತ್ರೆಯ ಖರ್ಚಿಗೆ ಹೆದರಿ ಪರೀಕ್ಷೆಯನ್ನು ಬಿಡಬೇಡಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಥೈರಾಯ್ಡ್ ಪರೀಕ್ಷೆ ಎಲ್ಲಿ ಮಾಡಿಸಬಹುದೆಂದು ಅಲ್ಲಿ ಅಥವಾ ನಿಮ್ಮ ಊರಿನ ಆಶಾ ಕಾರ್ಯಕರ್ತೆಯಲ್ಲಿ ಕೇಳಿ. ನಾವು ಇಲ್ಲಿ ಬರೆದದ್ದು ತಿಳುವಳಿಕೆಗಾಗಿ. ಮಾತ್ರೆಯ ಪ್ರಮಾಣ ನಿರ್ಧರಿಸುವವರು ನಿಮ್ಮನ್ನು ನೋಡಿದ ವೈದ್ಯರೇ.

ಈ ಲೇಖನವನ್ನು ಗರ್ಭಿಣಿಯರು ಮಾತ್ರವಲ್ಲ, ಅವರ ಗಂಡಂದಿರೂ ಅತ್ತೆಯಂದಿರೂ ಓದಬೇಕೆಂಬುದು ನಮ್ಮ ಆಶಯ. ಬೆಳಗ್ಗೆ ಎದ್ದು ‘ಮಾತ್ರೆ ತೆಗೆದುಕೊಂಡೆಯಾ?’ ಎಂದು ಕೇಳಿ ಒಂದು ಲೋಟ ನೀರು ಕೊಡುವುದು, ಚಾ ಅರ್ಧ ಗಂಟೆ ತಡವಾದರೆ ಗೊಣಗದಿರುವುದು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಜೊತೆಯಲ್ಲಿ ಹೋಗುವುದು ಮನೆಯವರಿಂದ ಆಗಬೇಕಾದ ಕೆಲಸ. ಹುಟ್ಟುವ ಮಗುವಿನ ಆರೈಕೆ ಅಲ್ಲಿಂದಲೇ ಆರಂಭವಾಗುತ್ತದೆ.